ಅಟ್ಟದ ಮೇಲಿನ ಪಠ್ಯಪುಸ್ತಕಗಳು

ಹೋದ ವಾರ ಪಕ್ಕದ ಮನೆಯ ಹುಡುಗಿ ಬಂದು, ನಿಮ್ಮ ಬಿ.ಎ. ಪುಸ್ತಕಗಳಿದ್ದರೆ ಓದಿ ಕೊಡುತ್ತೇನೆ ಎಂದಳು. ಇತಿಹಾಸದ ಎರಡನೆಯ ಸಂಪುಟ ತೆಗೆದುಕೊಟ್ಟೆ. ಅವಳು ನಿಂತಲ್ಲೇ ನಾಲ್ಕು ಹಾಳೆ ತಿರುಗಿಸಿ, ಪುಸ್ತಕವನ್ನು ಮೂಗಿನ ಹತ್ತಿರ ಹಿಡಿದು ನಕ್ಕಳು. "ಆಂಟಿ, ಇದೇನಿದು ಕೊಬ್ಬರಿ ಮಿಠಾಯಿ ವಾಸ್ನೆ?"

ಅರಸೀಕೆರೆಯಲ್ಲಿ ನಮ್ಮದು ಕೊಬ್ಬರಿ ವ್ಯಾಪಾರದ ಮನೆ. ಬಟ್ಟೆ, ದಿಂಬು, ಮಗಳ ಕಾಲೇಜಿನ ಚೀಲ, ಎಲ್ಲಕ್ಕೂ ಕೊಬ್ಬರಿಯ ವಾಸನೆ ಹತ್ತಿರುತ್ತದೆ, ನಮಗೆ ಗೊತ್ತಾಗುವುದಿಲ್ಲ ಅಷ್ಟೆ. ಆದರೆ ಆ ಪುಸ್ತಕದ್ದು ಬೇರೆ. ಹೊಗೆ, ತೆಂಗಿನ ನಾರು, ಒಣಗುತ್ತಿರುವ ಕಾಯಿಯೊಳಗಿನ ಎಣ್ಣೆ, ಮೂರೂ ಸೇರಿದ ವಾಸನೆ; ಅದು ಅಟ್ಟದ್ದು. ಹುಡುಗಿ ಹೋದ ಮೇಲೆ ನಾನು ಮೂರನೆಯ ಸಂಪುಟ ತೆಗೆದು ಮೂಸಿ ನೋಡಿದೆ. ನಾಲ್ಕು ವರ್ಷದ ಹಿಂದಿನ ಆ ಮಳೆಗಾಲ ಹಾಗೇ ಇತ್ತು.

ನಾನು ಓದಿದ್ದು ಹಾಸನದ ಕಾನ್ವೆಂಟಿನಲ್ಲಿ. ಆಮೇಲೆ ಎರಡು ವರ್ಷ ಬಿ.ಎ. ಮೂರನೆಯ ವರ್ಷಕ್ಕೆ ಮೊದಲು ಮದುವೆಯಾಯಿತು. ಮದುವೆಯಾದ ಮೇಲೂ ಓದಬಹುದು ಎಂದಿದ್ದರು. ಆಮೇಲೆ ಯಾರೂ ಬೇಡ ಎನ್ನಲಿಲ್ಲ, ಯಾರೂ ನೆನಪಿಸಲೂ ಇಲ್ಲ. ಮಗಳು ಸಿಂಚನ ಪಿಯುಸಿಗೆ ಹೋದ ವರ್ಷ ನನಗೆ ಬಿಡುವಾಯಿತು. ಅವಳು ಓದಿದ್ದ ಶಾಲೆಯ ಲೈಬ್ರರಿಗೆ ವಾರಕ್ಕೆರಡು ದಿನ ಹೋಗತೊಡಗಿದೆ. ಪುಸ್ತಕಗಳಿಗೆ ಕಂದು ಕಾಗದದ ಹೊದಿಕೆ ಹಾಕುವುದು, ಬೆನ್ನಿಗೆ ನಂಬರಿನ ಚೀಟಿ ಅಂಟಿಸುವುದು. ಸಂಬಳದ ಮಾತಿರಲಿಲ್ಲ. ಲೈಬ್ರರಿಯನ್ ಮೇರಿ ಟೀಚರಿಗೆ ಮುಂದಿನ ಮೇ ತಿಂಗಳಿಗೆ ನಿವೃತ್ತಿ.

ಒಂದು ದಿನ ಹೆಡ್ ಸಿಸ್ಟರ್ ಬಾಗಿಲಲ್ಲೇ ನಿಂತು ನನ್ನ ಕೆಲಸ ನೋಡಿದರು. ಅವರದು ಕೇರಳದ ಕಡೆಯ ಕನ್ನಡ, ಪ್ರತಿ ಮಾತನ್ನೂ ಸ್ವಲ್ಪ ಎಳೆಯುತ್ತಾರೆ. "ಶೋಭಾ, ನಿಮ್ಮ ಹತ್ತಿರ ಒಂದು ಡಿಗ್ರಿ ಇದ್ದಿದ್ದರೆ ಮೇರಿ ಟೀಚರ್ ಕುರ್ಚಿ ನಿಮಗೇ ಕೊಡ್ತಿದ್ದೆ. ಮುಂದಿನ ಜೂನ್ ಒಳಗೆ ತರ್ತೀರಾ?"

ಆ ಕುರ್ಚಿ ಕಿಟಕಿಯ ಪಕ್ಕದಲ್ಲಿತ್ತು. ಬೆತ್ತದ ಹೆಣಿಗೆ ಒಂದು ಕಡೆ ಸಡಿಲವಾಗಿ, ಅಲ್ಲಿಗೆ ಮೇರಿ ಟೀಚರ್ ಹಳೇ ಸ್ವೆಟರನ್ನು ಮಡಿಸಿ ಹಾಕಿಕೊಂಡಿದ್ದರು. ಅಂದಿನಿಂದ ನಾನು ಲೈಬ್ರರಿಗೆ ಹೋದಾಗಲೆಲ್ಲ ಮೊದಲು ಅದನ್ನೇ ನೋಡುತ್ತಿದ್ದೆ. ಅದು ನನಗೆ ಬೇಕಾಗಿತ್ತು. ನಲವತ್ತೊಂದು ವರ್ಷಕ್ಕೆ ನನಗೆ ಬೇಕು ಎಂದು ನಾನೇ ಗುರುತಿಸಿಕೊಂಡ ವಸ್ತುಗಳು ಹೆಚ್ಚಿರಲಿಲ್ಲ.

ಮನೆಯಲ್ಲೇ ಕುಳಿತು ಡಿಗ್ರಿ ಎಂದು ಸಿಂಚನಳ ಫೋನಿನಲ್ಲಿ ಹುಡುಕಿದೆ. ಒಂದು ಜಾಲತಾಣ ನನ್ನ ಹೆಸರು, ನಂಬರು ಕೇಳಿತು, ಕೊಟ್ಟೆ. ಗ್ಯಾಸಿನ ಮೇಲಿಟ್ಟ ಹಾಲು ಉಕ್ಕುವುದರೊಳಗೆ ಕರೆ ಬಂತು.

ಮಾತಾಡಿದವಳ ಹೆಸರು ಪ್ರಿಯಾ. ಅವಳ ಇಂಗ್ಲಿಷು ಎಷ್ಟು ಚೆನ್ನಾಗಿತ್ತೆಂದರೆ, ನಾನು ಸೆರಗು ಸರಿಮಾಡಿಕೊಂಡು ನಿಂತು ಮಾತಾಡಿದೆ. ಮೂರು ವರ್ಷದ ಪದವಿ ಒಂದೇ ವರ್ಷದಲ್ಲಿ ಎಂದಳು. ನಾನು ಹಿಂದೆ ಓದಿದ ಎರಡು ವರ್ಷವೂ ಸೇರುತ್ತದಂತೆ, ಪರೀಕ್ಷೆಯನ್ನು ಮನೆಯಲ್ಲೇ ಬರೆಯಬಹುದಂತೆ, ಮೇ ತಿಂಗಳಿಗೆ ಸರ್ಟಿಫಿಕೇಟು ಕೈಯಲ್ಲಿರುತ್ತದಂತೆ. ಸಂಜೆಗೆ ಪತ್ರವೂ ಬಂತು. ಮೇಲೆ ದೀಪ ಮತ್ತು ತೆರೆದ ಪುಸ್ತಕದ ಲಾಂಛನ, ನಮ್ಮ ಕಾನ್ವೆಂಟಿನದೂ ಹೆಚ್ಚುಕಡಿಮೆ ಅದೇ. ಸಂಬೋಧನೆಯ ನಂತರ ಅಲ್ಪವಿರಾಮ, ಪ್ಯಾರಾಗಳ ಆರಂಭಕ್ಕೆ ಸಮನಾದ ಜಾಗ. ಹೀಗೆ ಪತ್ರ ಬರೆಯುವವರು ಮೋಸ ಮಾಡಿಯಾರು ಎಂದು ನನಗೆ ಅನ್ನಿಸಲೇ ಇಲ್ಲ. ಅಲ್ಪವಿರಾಮ ತಪ್ಪಿದರೆ ಬೆರಳ ಗಿಣ್ಣಿಗೆ ಸ್ಕೇಲಿನ ಏಟು ತಿಂದು ಬೆಳೆದವಳು ನಾನು. ಅದನ್ನು ಸರಿಯಾಗಿ ಹಾಕುವವರೆಲ್ಲ ಒಳ್ಳೆಯವರೇ ಎಂಬ ನಂಬಿಕೆ ಆ ಏಟಿನ ಜೊತೆಗೇ ಬಂದಿರಬೇಕು.

ಉಳಿದಿರುವುದು ಎರಡೇ ಸೀಟು, ಶುಕ್ರವಾರ ಕೊನೆಯ ದಿನ ಎಂದೂ ಬರೆದಿತ್ತು. ಅದು ನನಗೆ ಸರಿಯಾಗಿ ತಾಗಿತು. ನಮ್ಮ ಕಾನ್ವೆಂಟಿನಲ್ಲಿ ಬೆಲ್ಲು ಹೊಡೆದ ಮೇಲೆ ಗೇಟು ಹಾಕಿಬಿಡುತ್ತಿದ್ದರು.

ಮನೆಯವರಿಗೆ ಹೇಳಿದೆ. ಅವರು ಕೊಬ್ಬರಿ ಧಾರಣೆ ನೋಡುತ್ತಿದ್ದವರು ಫೋನಿನಿಂದ ಕಣ್ಣೆತ್ತದೆ, "ನಿಂಗಿಷ್ಟ ಆದ್ರೆ ಸೇರ್ಕೋ. ನನ್ನನ್ನ್ಯಾಕೆ ಕೇಳ್ತೀಯ" ಎಂದರು. ಅದು ಒಪ್ಪಿಗೆಯೇ. ಅಡ್ಡ ಬಂದವರು ಅತ್ತೆ.

"ಶುಕ್ರವಾರನಾ? ಆಷಾಢದಲ್ಲಿ ಯಾರಾದ್ರೂ ಹೊಸದಕ್ಕೆ ಕೈ ಹಾಕ್ತಾರಾ? ಶ್ರಾವಣ ಹುಟ್ಲಿ, ಆಮೇಲೆ ನೋಡಾನ."

"ಅತ್ತೆ, ಸೀಟು ಮುಗಿದುಹೋಗುತ್ತೆ."

"ಮುಗಿದ್ರೆ ಮುಗೀತು. ಇಪ್ಪತ್ತು ವರ್ಷ ಕಾದಿದ್ದೀಯ, ಇಪ್ಪತ್ತು ದಿನಕ್ಕೆ ಏನು ಬಂತು?"

ಎದುರು ಹೇಳಿ ಅಭ್ಯಾಸವಿಲ್ಲ. ಪ್ರಿಯಾಗೆ ಫೋನು ಮಾಡಿ, ಆಷಾಢದ ವಿಷಯವನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳುವುದೆಂದು ತಿಳಿಯದೆ, ಮನೆಯಲ್ಲಿ ಅನನುಕೂಲವಿದೆ ಎಂದೆ. ಅವಳು ನೊಂದುಕೊಂಡಳು. ನನಗಾಗಿ ವಿಶೇಷವಾಗಿ ಮೇಲಿನವರನ್ನು ಕೇಳಿ ಸೋಮವಾರದವರೆಗೆ ಸೀಟು ಹಿಡಿದಿಟ್ಟಳು. ಸೋಮವಾರ ಕಳೆಯಿತು, ಮುಂದಿನ ಶುಕ್ರವಾರವಾಯಿತು. ಅದೂ ಕಳೆಯಿತು; ಆಗಲೂ ಎರಡೇ ಸೀಟು.

ಆ ಆಷಾಢದಲ್ಲಿ ಮಳೆಗಿಂತ ಗಾಳಿ ಹೆಚ್ಚು. ಹಿತ್ತಲಿನ ತೆಂಗಿನ ಗರಿಗಳು ಒಂದೇ ದಿಕ್ಕಿಗೆ ಬಾಗಿ ನಿಂತಿರುತ್ತಿದ್ದವು. ಒಗೆದ ಬಟ್ಟೆ ಹಾರಿ ಪಕ್ಕದ ಕಾಂಪೌಂಡಿಗೆ ಬೀಳುತ್ತಿತ್ತು. ಬಟ್ಟೆ ಹೆಕ್ಕುತ್ತಾ ನಾನು ಗೇಟಿನ ವಿಷಯವನ್ನೇ ಯೋಚಿಸುತ್ತಿದ್ದೆ. ಮುಚ್ಚುವ ಗೇಟು ಮೂರು ಸಲ ತೆರೆಯಿತು. ಕಾನ್ವೆಂಟಿನ ಗೇಟು ಎಂದೂ ಹಾಗೆ ತೆರೆದಿರಲಿಲ್ಲ.

ಆದರೂ ಅನುಮಾನ ಎಂದು ಅದಕ್ಕೆ ಹೆಸರಿಡಲಿಲ್ಲ. ಸುಮ್ಮನೆ ಪ್ರಿಯಾಳನ್ನು, ನಮ್ಮ ಕಡೆಯವರು ಯಾರಾದರೂ ನಿಮ್ಮಲ್ಲಿ ಓದಿದ್ದಾರೆಯೇ ಎಂದು ಕೇಳಿದೆ. ಅವಳು ಖುಷಿಯಿಂದ ಒಂದು ಫೋಟೋ ಕಳಿಸಿದಳು. ಹಳದಿ ಸೀರೆಯ ಹುಡುಗಿಯೊಬ್ಬಳು ಸರ್ಟಿಫಿಕೇಟನ್ನು ಎದೆಗೆ ಹಿಡಿದು ನಿಂತಿದ್ದಾಳೆ. ಹೆಸರು ಸವಿತಾ, ಊರು ಹಳೇಬೀಡು, ಕೆಳಗೆ ಫೋನ್ ನಂಬರು. ಮಾಡಿದೆ.

"ಚೆನ್ನಾಗಿದೆ ಮೇಡಂ. ಸೇರ್ಕೊಳ್ಳಿ ಮೇಡಂ," ಎಂದಳು ಸವಿತಾ. ಅವಳ ಹಿಂದೆ ಎಲ್ಲೋ ಕುಕ್ಕರ್ ಕೂಗಿತು. ಹೆಂಗಸಿನ ದನಿಯೊಂದು, ಯಾರವ್ವ ಅದು ಎಂದು ಕೇಳಿತು. ಫೋನು ಇಟ್ಟಳು.

ಅತ್ತೆಗೆ ವರದಿ ಒಪ್ಪಿಸಿದೆ. ಅವರು ಅಟ್ಟದಿಂದ ಇಳಿಸಿದ ಕಾಯಿಗಳನ್ನು ಒಂದೊಂದೇ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ಬೇರೆ ಬೇರೆ ಗುಡ್ಡೆ ಹಾಕುತ್ತಿದ್ದರು. ನಮ್ಮ ಕಡೆ ಉಂಡೆ ಕೊಬ್ಬರಿ ಆಗಬೇಕಾದರೆ ಕಾಯಿ ಸಿಪ್ಪೆಸಮೇತ ಹತ್ತಿರ ಹತ್ತಿರ ವರ್ಷ ಅಟ್ಟದ ಮೇಲೆ ಕೂರಬೇಕು. ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಗುಂಡು ಉರುಳಿದ ಹಾಗೆ ಸದ್ದಾಗಬೇಕು.

"ಫೋನಲ್ಲಿ ಕೇಳ್ದಾ?" ಎಂದರು. "ಫೋನಲ್ಲಿ ಯಾರು ತಾನೇ ನಮ್ಮನೇಲಿ ಜಗಳ ಐತೆ ಅಂತಾರೆ? ನಿನ್ನ ತರೋಕೆ ಮುಂಚೆ ನಾನು ಹಾಸನಕ್ಕೆ ಬಂದು ನಿಮ್ಮ ಹಾಲಿನವಳನ್ನ ಮಾತಾಡ್ಸಿದ್ದೆ, ಗೊತ್ತಾ?"

ಗೊತ್ತಿರಲಿಲ್ಲ. "ಏನಂದಳು?"

"ಹುಡುಗಿ ಒಳ್ಳೇದು, ಪಾತ್ರೆ ತಂದು ಕೊಡೋಕೆ ಮಾತ್ರ ಅರ್ಧ ಗಂಟೆ ಮಾಡ್ತದೆ ಅಂದ್ಲು." ಇನ್ನೊಂದು ಕಾಯಿ ಅಲ್ಲಾಡಿಸಿದರು. "ಹೋಗಿ ಮನೆ ನೋಡ್ಕಂಡು ಬಾ. ಶ್ರಾವಣ ಬಂತಲ್ಲ."

ಹೀಗೆ ಶ್ರಾವಣದ ಎರಡನೆಯ ವಾರ, ಬಾಳೆಹಣ್ಣು, ಎರಡು ಉಂಡೆ ಕೊಬ್ಬರಿ, ಹೂವು ಕಟ್ಟಿಕೊಂಡು ನಾನೊಬ್ಬಳೇ ಬಸ್ಸು ಹತ್ತಿದೆ. ಬಾಣಾವರ ದಾಟುವವರೆಗೆ ಬಿಸಿಲು, ಜಾವಗಲ್ ಹತ್ತಿರ ತುಂತುರು, ಹಳೇಬೀಡಿನಲ್ಲಿ ಇಳಿದಾಗ ಸರಿಯಾದ ಮಳೆ. ವಿಚಾರಿಸಿದರೆ, ಸವಿತಾಳ ಮನೆ ಊರೊಳಗಲ್ಲ, ಪಕ್ಕದ ಬಸ್ತಿಹಳ್ಳಿಯಲ್ಲಿ ಎಂದರು. ಬಸದಿಯ ಗೋಡೆಯ ಪಕ್ಕದಲ್ಲಿ ಛತ್ರಿ ಹಿಡಿದು ನಡೆದೆ. ಅಲ್ಲಿನ ಹುಲ್ಲುಹಾಸಿನಲ್ಲಿ ಪ್ರವಾಸಿಯೊಬ್ಬ ಮರೆತ ಕನ್ನಡಕ ಮಳೆಯಲ್ಲಿ ನೆನೆಯುತ್ತಿತ್ತು. ಎತ್ತಿ ಕಾವಲುಗಾರನ ಕೈಗೆ ಕೊಟ್ಟೆ.

ಮುಸುಕಿನ ಜೋಳದ ಹೊಲದ ಅಂಚಿಗೆ ಹೆಂಚಿನ ಮನೆ. ಸವಿತಾಗೆ ಇಪ್ಪತ್ತೇಳಿರಬೇಕು. ಡಿಗ್ರಿ ಬಗ್ಗೆ ಫೋನು ಮಾಡಿದ್ದವಳು ನಾನೇ ಎಂದಾಗ ಅವಳ ಮುಖ ಬಿಳಿಚಿತು, ಆದರೆ ಕೈಕಾಲಿಗೆ ನೀರು ಕೊಟ್ಟಳು. ಅವಳ ಅತ್ತೆ ನಿಂಗಮ್ಮ ಅಲಸಂದೆಕಾಯಿ ಬಿಡಿಸುತ್ತಾ ಕುಳಿತಿದ್ದರು. ಮಾವ ಪಂಚೆ ಸರಿಮಾಡಿಕೊಂಡು ಎದ್ದರು.

"ಡಿಗ್ರಿ ವಿಚಾರಕ್ಕೆ ಬಂದ್ರಾ? ಕೂತ್ಕಳಿ, ಕೂತ್ಕಳಿ. ಮೊದ್ಲು ಅದನ್ನ ನೋಡಿ," ಎಂದು ನಡುಮನೆಯ ಗೋಡೆ ತೋರಿಸಿದರು. ದೇವರ ಫೋಟೋಗಳ ಸಾಲಿನಲ್ಲಿ ಕಟ್ಟು ಹಾಕಿಸಿದ ಸರ್ಟಿಫಿಕೇಟು. ಗಾಜಿನ ಮೇಲೆ ಆಯುಧಪೂಜೆಯ ಕುಂಕುಮದ ಬೊಟ್ಟು ಹಾಗೇ ಒಣಗಿತ್ತು. "ಈ ಕೇರೀಲಿ ಡಿಗ್ರಿ ಸೊಸೆ ಇರೋದು ನಮ್ಮನೇಲಿ ಒಂದೇಯ. ನಂಟರು ಬಂದ್ರೆ ಕಾಫಿಗಿಂತ ಮುಂಚೆ ಇದನ್ನೇ ತೋರ್ಸೋದು ನಾನು."

"ತೋರ್ಸಿ ತೋರ್ಸಿ ಗ್ವಾಡೆ ಸವೀತು," ಎಂದರು ನಿಂಗಮ್ಮ, ಅಲಸಂದೆಕಾಯಿಯಿಂದ ತಲೆಯೆತ್ತದೆ.

ಹತ್ತಿರ ಹೋಗಿ ನೋಡಿದೆ. ದೀಪ, ತೆರೆದ ಪುಸ್ತಕ. ಮೂಲೆಯ ಚಿನ್ನದ ಬಣ್ಣದ ಮುದ್ರೆ ಹಕ್ಕಳೆದ್ದಿತ್ತು. ನೋಂದಣಿ ಸಂಖ್ಯೆ ಎಂದು ಅಚ್ಚಾಗಿದ್ದ ಕಡೆ ಸಾಲು ಚುಕ್ಕೆಗಳು ಮಾತ್ರ ಇದ್ದವು. ಅದರ ಮೇಲೆ ಯಾರೂ ಏನೂ ಬರೆದಿರಲಿಲ್ಲ. ಹಿಂತಿರುಗಿ ನೋಡಿದರೆ ಸವಿತಾ ನನ್ನ ಕಣ್ಣನ್ನೇ ನೋಡುತ್ತಿದ್ದಳು.

ಬಹಳ ಚೆನ್ನಾಗಿದೆ ಎಂದು ಅವಳ ಮಾವನಿಗೆ ಹೇಳಿದೆ. ಉಪ್ಪಿಟ್ಟು, ಕಾಫಿ, ಜೋಳದ ಮಾತು, ಮಳೆಯ ಮಾತು. ನಾನು ಹೊರಡುತ್ತೇನೆಂದೆ. ಸವಿತಾ ಅರಿಶಿನ ಕುಂಕುಮದ ತಟ್ಟೆ ತಂದಳು. ಹೊಸ್ತಿಲ ಹತ್ತಿರ ನಿಂತು, ನನ್ನ ಹಣೆಗೆ ಕುಂಕುಮ ಇಡುವಷ್ಟು ಹತ್ತಿರ ಬಂದಾಗ, ತುಟಿ ಅಲುಗದ ಹಾಗೆ ಹೇಳಿದಳು.

"ಸೇರ್ಬೇಡಿ ಅಕ್ಕ. ಬೇಲೂರಲ್ಲಿ ಕೆಲ್ಸಕ್ಕೆ ಹೋದಾಗ, ಈ ಯೂನಿವರ್ಸಿಟಿ ಸರ್ಕಾರದ ಪಟ್ಟೀಲೇ ಇಲ್ಲ ಅಂತ ವಾಪಸ್ ಕೊಟ್ರು. ಮನೇಲಿ ಆ ಪೋಸ್ಟ್ ಆಗ್ಲೇ ತುಂಬೋಯ್ತಂತೆ ಅಂತ ಹೇಳ್ದೆ. ಇವ್ರಿಗ್ಯಾರಿಗೂ ಗೊತ್ತಿಲ್ಲ."

ಅವಳು ಅವಸರದಲ್ಲಿ ಕೈ ತೆಗೆದಾಗ ಕುಂಕುಮ ನನ್ನ ಮೂಗಿನ ಮೇಲೆ ಉದುರಿತು. "ಅಯ್ಯೋ, ಒಳ್ಳೇದಾಯ್ತು ಬಿಡಿ, ಮೂಗಿನ ಮೇಲೆ ಬಿದ್ರೆ ಮನೆಯವ್ರಿಗೆ ನಿಮ್ಮ ಮೇಲೆ ಪ್ರೀತಿ ಜಾಸ್ತಿ ಅಂತಾರೆ," ಎಂದು ಅವಳ ಮಾವ ನಕ್ಕರು. ನಾನೂ ನಕ್ಕೆ. ಬಸ್ಸಿನಲ್ಲಿ ಜಾವಗಲ್ ಬರುವವರೆಗೆ ಅದನ್ನು ಒರೆಸಿಕೊಂಡಿರಲಿಲ್ಲ.

ಮನೆಗೆ ಬಂದು ಸಿಂಚನಳನ್ನು ಕೂರಿಸಿಕೊಂಡು, ನಾನು ಮೊದಲೇ ಮಾಡಬೇಕಾಗಿದ್ದ ಕೆಲಸ ಮಾಡಿದೆ. ಸರ್ಕಾರದ ಪಟ್ಟಿ ತೆಗೆದೆವು. ಪ್ರಿಯಾಳ ಸಂಸ್ಥೆಯ ಹೆಸರು ಅದರಲ್ಲಿ ಇರಲಿಲ್ಲ. ಅದನ್ನು ಹೋಲುವ ಹೆಸರೊಂದಿತ್ತು; ಅದು ಬೇರೆ ರಾಜ್ಯದ್ದು. ವಿಶ್ವವಿದ್ಯಾಲಯದ ಹೆಸರಿದ್ದರೆ ಸಾಲದು, ನಾವು ಸೇರುವ ಕೋರ್ಸಿನ ಹೆಸರೂ ಆ ವರ್ಷದ ಸಾಲಿನಲ್ಲಿ ಇರಬೇಕು ಎಂದು ಸಿಂಚನ ಓದಿ ಹೇಳಿದಳು. ಹಾಗೆ ಹುಡುಕಿ ಒಂದನ್ನು ಗುರುತು ಮಾಡಿ, ಅದರ ಹಾಸನದ ಕಚೇರಿಗೆ ಫೋನು ಮಾಡಿದೆ. ಏಳು ಸಲ ಮಾಡಿದ ಮೇಲೆ ಒಬ್ಬರು ಎತ್ತಿದರು.

"ಏನ್ ಬೇಕಿತ್ತು?"

ಹೇಳಿದೆ.

"ಮೂರು ವರ್ಷ. ಒಂದು ದಿನಾನೂ ಕಮ್ಮಿ ಇಲ್ಲ. ನಿಮ್ಮ ಹಳೇ ಎರಡು ವರ್ಷ ಲೆಕ್ಕಕ್ಕಿಲ್ಲ. ಪಾಠ ಫೋನಲ್ಲಿ ನೋಡ್ಬೋದು, ಪುಸ್ತಕ ಪೋಸ್ಟಲ್ಲಿ ಬರುತ್ತೆ, ಪರೀಕ್ಷೆಗೆ ಮಾತ್ರ ನೀವೇ ಇಲ್ಲಿಗೆ ಬರ್ಬೇಕು. ಗಣಪತಿ ಹಬ್ಬ ಕಳೆದು ಹದಿನೈದು ದಿನ ಅಡ್ಮಿಷನ್ ಇರುತ್ತೆ, ಬೇಕಾದ್ರೆ ಸೇರ್ಕೊಳ್ಳಿ."

ನಾನು ಸೇರಿದರೂ ಬಿಟ್ಟರೂ ಅವರಿಗೆ ಒಂದೇ ಎಂಬುದು ದನಿಯಲ್ಲೇ ಗೊತ್ತಾಗುತ್ತಿತ್ತು. ಅಷ್ಟು ದಿನದಲ್ಲಿ ಮೊದಲ ಸಲ ನನಗೆ ಧೈರ್ಯ ಬಂತು.

ಮೂರು ವರ್ಷ ಎಂದರೆ ಕುರ್ಚಿ ಇಲ್ಲ. ಸಿಸ್ಟರ್ ಬಳಿ ಹೋಗಿ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಜೂನ್ ತನಕ ಕಾಯಬಹುದಿತ್ತು ಶೋಭಾ. ಮೂರು ವರ್ಷ ಆಗೋದಿಲ್ಲ."

"ಗೊತ್ತು ಸಿಸ್ಟರ್."

ಮುಂದಿನ ವರ್ಷ ಬೇಲೂರಿನ ಹುಡುಗಿಯೊಬ್ಬಳು ಆ ಕೆಲಸಕ್ಕೆ ಬಂದಳು. ನನಗಿಂತ ಚುರುಕು. ಬಂದ ವಾರದಲ್ಲೇ ಕುರ್ಚಿಗೆ ಹೊಸ ಬೆತ್ತ ಹೆಣೆಸಿದಳು.

ಇದನ್ನೆಲ್ಲ ಅತ್ತೆಗೆ ಹೇಳಿದಾಗ ಅವರು ನನ್ನ ಕುರ್ಚಿಯ ಬಗ್ಗೆ ಏನೂ ಅನ್ನಲಿಲ್ಲ. "ಆ ಹುಡುಗಿ ಗತಿ ಏನು?" ಎಂದರು.

"ಯಾವ ಹುಡುಗಿ?"

"ನಿನ್ನ ಮೂಗಿಗೆ ಕುಂಕುಮ ಹಾಕಿದವಳು ಕಣೇ."

ಆ ಮಾತಿನಿಂದಲೇ ಸವಿತಾಗೆ ಫೋನು ಮಾಡಿ, ಸರಿಯಾದ ಕಡೆ ನಾನು ಸೇರುತ್ತಿದ್ದೇನೆ, ನೀನೂ ಸೇರು ಎಂದೆ. ಮೊದಲು ಅತ್ತಳು, ಆಮೇಲೆ ಬೇಡ ಎಂದಳು, ಆಮೇಲೆ ಅರ್ಜಿಗೆ ಏನೇನು ಬೇಕು ಎಂದು ಕೇಳಿದಳು. ಗಂಡ ಟಾಟಾ ಏಸ್ ಓಡಿಸುತ್ತಾನೆ, ಅವನೊಬ್ಬನಿಗೆ ಹೇಳುತ್ತೇನೆ ಎಂದಳು. ಮಾವನಿಗೆ ಮಾತ್ರ ಗೊತ್ತಾಗಬಾರದು. ಗೋಡೆಯ ಮೇಲಿರುವುದು ಸುಳ್ಳೆಂದು ತಿಳಿದರೆ ಅವರು ಕೇರಿಯಲ್ಲಿ ತಲೆಯೆತ್ತುವುದಿಲ್ಲ. ಪುಸ್ತಕದ ಪಾರ್ಸಲು ಬಸ್ತಿಹಳ್ಳಿಗೆ ಬಂದರೆ ಆಯಿತು ಕಥೆ.

ಹಾಗಾಗಿ ಇಬ್ಬರ ಅರ್ಜಿಯಲ್ಲೂ ಅರಸೀಕೆರೆಯ ವಿಳಾಸ. ನವರಾತ್ರಿಯ ಹಿಂದಿನ ದಿನ ಎರಡು ಪಾರ್ಸಲು ಬಂದವು. ಕೆಳಗೆ ಎಲ್ಲಿ ನೋಡಿದರೂ ಕೊಬ್ಬರಿ ಚೀಲ, ಗೋಡೆಗಳು ಮಳೆಗೆ ಬೆವರಿದ್ದವು. ಮನೆಯಲ್ಲಿ ಒಣಗಿದ ಜಾಗವೆಂದರೆ ಅಟ್ಟ ಒಂದೇ. ಅತ್ತೆ ಏಣಿ ಹಿಡಿದುಕೊಂಡರು, ನಾನು ಹತ್ತಿ ಕಾಯಿಗಳ ರಾಶಿಯ ಪಕ್ಕದಲ್ಲಿ ಹಲಗೆ ಹಾಸಿ ಪುಸ್ತಕ ಜೋಡಿಸಿದೆ. ಕೆಳಗಿನಿಂದ ಅತ್ತೆ, "ನಂಬರ್ ಚೀಟಿ ಅಂಟಿಸ್ಬೇಡ ಮತ್ತೆ, ಕಾಯಿಗೂ ಅಂಟಿಸ್ಬಿಟ್ಟೀಯ" ಎಂದರು.

ಸವಿತಾ ಎರಡು ವಾರಕ್ಕೊಮ್ಮೆ ಬೆಳಗಿನ ಬಸ್ಸಿಗೆ ಬರುತ್ತಿದ್ದಳು. ಮನೆಯಲ್ಲಿ, ಅರಸೀಕೆರೆ ಅಕ್ಕನ ಮನೆಗೆ ಕೊಬ್ಬರಿ ಒಡೆಯಲು ಎಂದು ಹೇಳಿ ಬರುತ್ತಿದ್ದಳು. ನಮ್ಮತ್ತೆ ಇದಕ್ಕೆ ಒಂದು ಷರತ್ತು ಹಾಕಿದ್ದರು. ಪುಸ್ತಕ ಮುಟ್ಟುವ ಮುಂಚೆ ಎರಡು ಕಾಯಿ ಒಡೆಯಬೇಕು.

"ನಾಳೆ ನಿಮ್ಮತ್ತೆ ಸಿಕ್ಕಿ ಕೇಳಿದ್ರೆ ನಾನು ಸುಳ್ಳು ಹೇಳೋಕಾಗಲ್ಲ ಕಣವ್ವ. ಒಡೆದ್ಲು ಅಂದ್ರೆ ಒಡೆದಿರ್ಬೇಕು."

ಸವಿತಾ ಕೂತು ಎರಡು ಕಾಯಿ ಒಡೆಯುತ್ತಿದ್ದಳು. ಆಮೇಲೆ ಏಣಿ ಹತ್ತುತ್ತಿದ್ದೆವು. ಹೆಂಚಿನ ನಡುವಿನ ಗಾಜಿನಿಂದ ಬೀಳುವ ಬೆಳಕಿಗೆ ಪುಸ್ತಕ ಹಿಡಿದು, ಅವಳು ಓದಿ ನಾನು ಬರೆದು, ನಾನು ಓದಿ ಅವಳು ಬರೆದು. ಹೊತ್ತು ಇಳಿಯುವಾಗ ಅತ್ತೆ ಅವಳ ಚೀಲಕ್ಕೆ ನಾಲ್ಕು ಉಂಡೆ ಕೊಬ್ಬರಿ ಹಾಕಿ ಕಳಿಸುತ್ತಿದ್ದರು. ಆ ಮಳೆಗಾಲ ಹಾಗೆ ಮುಗಿಯಿತು. ಅದರ ನಂತರದ ಮೂರು ವರ್ಷವೂ ಹೆಚ್ಚುಕಡಿಮೆ ಅದೇ. ಪರೀಕ್ಷೆಗೆ ಹಾಸನಕ್ಕೆ ಇಬ್ಬರೂ ಹೋಗುತ್ತಿದ್ದೆವು. ಒಂದು ವಿಷಯದಲ್ಲಿ ನಾನು ಫೇಲಾಗಿ ಮತ್ತೆ ಬರೆದೆ. ಅವಳು ಯಾವುದರಲ್ಲೂ ಫೇಲಾಗಲಿಲ್ಲ.

ನನ್ನ ಸರ್ಟಿಫಿಕೇಟು ಬೀರುವಿನಲ್ಲಿ ಸೀರೆಗಳ ಕೆಳಗಿದೆ. ಇನ್ನೂ ಅದನ್ನು ಯಾರಿಗೂ ತೋರಿಸುವ ಸಂದರ್ಭ ಬಂದಿಲ್ಲ. ಸವಿತಾ ತನ್ನದನ್ನು ತೆಗೆದುಕೊಂಡು ಹೋಗಿ, ಮಾವ ಸಂತೆಗೆ ಹೋದ ದಿನ ಗೋಡೆಯ ಕಟ್ಟು ಇಳಿಸಿ, ಹಿಂದಿನ ರಟ್ಟು ಬಿಚ್ಚಿ, ಹಳೆಯದನ್ನು ತೆಗೆದು ಹೊಸದನ್ನು ಹಾಕಿದಳಂತೆ. ಬೇಲೂರಿನ ಕೆಲಸಕ್ಕೆ ಮತ್ತೆ ಅರ್ಜಿ ಹಾಕಿದ್ದಾಳೆ.

ಹೋದ ತಿಂಗಳು ಅವಳ ಮಗಳ ಹೆಸರಿಡುವ ಶಾಸ್ತ್ರಕ್ಕೆ ಬಸ್ತಿಹಳ್ಳಿಗೆ ಹೋಗಿದ್ದೆ. ಅವಳ ಮಾವ ನನ್ನನ್ನು ಕೈಹಿಡಿದು ಎಳೆಯುವುದೊಂದೇ ಕಡಿಮೆ ಎಂಬಂತೆ ಗೋಡೆಯ ಹತ್ತಿರ ಕರೆದುಕೊಂಡು ಹೋದರು. "ನೋಡಿ, ನಮ್ಮ ಸೊಸೆ ಡಿಗ್ರಿ," ಎಂದು ಮೊದಲ ಸಲ ತೋರಿಸುವವರಂತೆ ತೋರಿಸಿದರು. ಗಾಜಿನ ಮೇಲೆ ಅದೇ ಜಾಗದಲ್ಲಿ ಒಣಗಿದ ಕುಂಕುಮ. ಒಳಗೆ ಬೇರೆ ಲಾಂಛನ. ನೋಂದಣಿ ಸಂಖ್ಯೆಯ ಕಡೆ ಉದ್ದನೆಯ ಸಂಖ್ಯೆ. ಬಹಳ ಚೆನ್ನಾಗಿದೆ ಎಂದೆ. ಈ ಸಲ ಅದು ಸುಳ್ಳಾಗಿರಲಿಲ್ಲ.

ಹೊರಡುವಾಗ ಸವಿತಾ ಮಗುವಿಗೆ ಹಾಲು ಕೊಡುತ್ತಾ ಒಳಗಿದ್ದಳು. ಕುಂಕುಮದ ತಟ್ಟೆ ತಂದವರು ನಿಂಗಮ್ಮ. ಅವರಿಗೆ ಓದು ಬರುವುದಿಲ್ಲ. ಹೊಸ್ತಿಲ ಹತ್ತಿರ ಬಂದು, ನನ್ನ ಹಣೆಗೆ ಬೆರಳು ತಾಗಿಸಿ, ಗಂಡನಿಗೆ ಕೇಳದ ಹಾಗೆ ಹೇಳಿದರು.

"ಈಗ ಗ್ವಾಡೆ ಮ್ಯಾಲಿರೋದು ಸರಿಯಾದ್ದು ತಾನೇನವ್ವ?"

ನಾನು ಅವರ ಮುಖ ನೋಡಿದೆ.

"ಕೊಬ್ರಿ ಒಡೆದು ಬಂದ ಕೈಲಿ ಎಣ್ಣೆ ಇರ್ತದೆ ಕಣವ್ವ," ಎಂದರು ಅವರು. "ಮೂರು ವರ್ಸ ಅವಳ ಕೈಲಿ ಇಂಕು ನೋಡಿವ್ನಿ."

"ಸರಿಯಾದ್ದೇ," ಎಂದೆ.

ಅವರು ತಲೆಯಾಡಿಸಿ, ನನ್ನ ಮೂಗಿನ ಮೇಲೆ ಉದುರಿದ್ದ ಕುಂಕುಮವನ್ನು ಸೆರಗಿನ ತುದಿಯಿಂದ ಒರೆಸಿ ಒಳಗೆ ಹೋದರು.